ಎರಡು ಕಾರುಗಳ ಜಾತಕ

2014ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದ ಹರಾಜೊಂದರಲ್ಲಿ 1971ರ ಮಾದರಿಯ ಒಂದು ಪ್ಲಿಮತ್ ಕಾರು 35 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಎರಡೇ ಬಾಗಿಲು, ಮಡಿಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮಾಡು, ಮುಂಭಾಗದಲ್ಲಿ ಒಂದು ದೊಡ್ಡ ಎಂಜಿನು. ಇಷ್ಟಲ್ಲದೆ ಅದರಲ್ಲಿ ಬೇರಾವ ಐಶ್ವರ್ಯವೂ ಇರಲಿಲ್ಲ. ಹೊಸದಾಗಿದ್ದಾಗ ಕೆಲವೇ ಸಾವಿರ ಡಾಲರು ಕೊಟ್ಟು ಯಾರು ಬೇಕಾದರೂ ಅದನ್ನು ಕೊಂಡೊಯ್ಯಬಹುದಾಗಿತ್ತು. ಇದರ ಸಮಕಾಲೀನವಾದ, ಓಟದಲ್ಲಿ ಇದಕ್ಕಿಂತ ಹಿಂದೆ ಬೀಳದ ಶೆವ್ರೊಲೆ ಕಾರೊಂದಕ್ಕೆ ಸಂಗ್ರಾಹಕರು ಕೊಡುವ ಬೆಲೆಯಾದರೋ ಇದರ ಸಮೀಪಕ್ಕೂ ಬರುವುದಿಲ್ಲ. ಶಕ್ತಿಯಲ್ಲಿ ಸಮಾನವಾದ ಎರಡು ಯಂತ್ರಗಳಿಗೆ ಬೆಲೆಯಲ್ಲಿ ಇಷ್ಟು ಅಂತರವೇಕೆ? ಬರಿಯ ಮೋಹದ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಕಾರಣವನ್ನು ಹುಡುಕುತ್ತ ಹೊರಟರೆ ನಾವು ಎಂಜಿನಿನ ದಹನಕೋಷ್ಠದ ಒಳಗೂ, ಕಾರ್ಖಾನೆಯ ಲೆಕ್ಕದ ಪುಸ್ತಕದ ಒಳಗೂ, ಕಡೆಗೆ ಕಬ್ಬಿಣದ ಮೇಲೆ ಕೆತ್ತಿದ ಕೆಲವು ಅಂಕಿಗಳ ಬಳಿಗೂ ಹೋಗಬೇಕಾಗುತ್ತದೆ.

ಮಸಲ್ ಕಾರು, ಎಂದರೆ ಮಾಂಸಖಂಡಗಳ ಬಲವುಳ್ಳ ಕಾರು, ಎಂಬ ಹೆಸರು ಅಮೆರಿಕದ ಒಂದು ವಿಶಿಷ್ಟ ಸೃಷ್ಟಿಗೆ ಸಲ್ಲುತ್ತದೆ. ಮಧ್ಯಮ ಗಾತ್ರದ, ಹೆಚ್ಚು ದುಬಾರಿಯಲ್ಲದ ಒಡಲಿನಲ್ಲಿ ದೊಡ್ಡ ಕಾರುಗಳಿಗೆಂದು ರೂಪಿಸಿದ ಎಂಜಿನನ್ನು ಕೂಡಿಸುವುದೇ ಇದರ ಗುಟ್ಟು. 1964ರಲ್ಲಿ ಪಾಂಟಿಯಾಕ್ ಕಂಪನಿ ಜಿ.ಟಿ.ಓ. ಎಂಬ ಕಾರಿನಲ್ಲಿ 389 ಘನ ಅಂಗುಲದ ಎಂಜಿನನ್ನಿಟ್ಟು ಈ ಪದ್ಧತಿಗೆ ನಾಂದಿ ಹಾಡಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಂದ ಮುಂದೆ ಕಂಪನಿಗಳ ನಡುವೆ ಪೈಪೋಟಿ ಹತ್ತಿತು. ಮಧ್ಯಮ ಗಾತ್ರದ ಕಾರುಗಳಲ್ಲಿ 400 ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಇರಕೂಡದೆಂದು ಜನರಲ್ ಮೋಟರ್ಸ್ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟಳೆಯನ್ನು 1970ರ ಮಾದರಿಗಳಿಗೆ ಸಡಿಲಿಸಿತು. ಹೀಗೆ ಆ ವರ್ಷ ಪೈಪೋಟಿಯ ಶಿಖರವಾಯಿತು. ಆ ಶಿಖರದ ಮೇಲೆ ನಿಂತ ಎರಡು ಕಾರುಗಳನ್ನೇ ನಾವು ಇಲ್ಲಿ ಹೋಲಿಸುವುದು: ಎಲ್‌ಎಸ್-6 ಎಂಬ ಎಂಜಿನುಳ್ಳ ಶೆವ್ರೊಲೆ ಶೆವೆಲ್ ಎಸ್‌ಎಸ್ 454 ಒಂದು, ಹೆಮಿ ಎಂಜಿನುಳ್ಳ ಪ್ಲಿಮತ್ ಕೂಡಾ ಇನ್ನೊಂದು. ಬ್ಯಾರಕೂಡಾ ಎಂಬ ಕ್ರೂರ ಸ್ವಭಾವದ ಕಡಲ ಮೀನಿನ ಹೆಸರಿನ ಬಾಲವೇ ಕೂಡಾ.

ಮೊದಲು ಗಾತ್ರವನ್ನು ನೋಡೋಣ. ಎರಡು ಎಂಜಿನುಗಳಲ್ಲಿಯೂ ಎಂಟೆಂಟು ಸಿಲಿಂಡರುಗಳು. ಅಕ್ಷರದ ವಿ ಆಕಾರದಲ್ಲಿ ನಾಲ್ಕು ನಾಲ್ಕಾಗಿ ಎರಡು ಸಾಲು. ಸ್ವಾರಸ್ಯವೆಂದರೆ ಸಿಲಿಂಡರಿನ ಒಳವ್ಯಾಸ ಎರಡರಲ್ಲಿಯೂ ಒಂದೇ, 4¼ ಅಂಗುಲ. ವ್ಯತ್ಯಾಸವಿರುವುದು ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಸಂಚರಿಸುವ ದೂರದಲ್ಲಿ. ಶೆವೆಲ್‌ನಲ್ಲಿ ಅದು 4 ಅಂಗುಲ, ಕೂಡಾದಲ್ಲಿ 3¾ ಅಂಗುಲ. ವೃತ್ತದ ವಿಸ್ತೀರ್ಣವನ್ನು ತಿಳಿದ ಯಾವ ವಿದ್ಯಾರ್ಥಿಯೂ ಉಳಿದುದನ್ನು ತಾನೇ ಲೆಕ್ಕ ಹಾಕಬಹುದು. 4¼ ಅಂಗುಲ ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 14.19 ಚದರ ಅಂಗುಲ. ಅದನ್ನು ಸಂಚಾರದೂರದಿಂದಲೂ ಎಂಟರಿಂದಲೂ ಗುಣಿಸಿದರೆ ಒಂದಕ್ಕೆ 454, ಇನ್ನೊಂದಕ್ಕೆ 426 ಘನ ಅಂಗುಲ ಬರುತ್ತದೆ. ಕಾರುಗಳ ಮೈಮೇಲೆ ಹೆಮ್ಮೆಯಿಂದ ಬರೆದುಕೊಂಡಿದ್ದ ಅಂಕಿಗಳ ಮೂಲ ಇದೇ. ನಮ್ಮ ಅಳತೆಯಲ್ಲಿ ಇವು ಸುಮಾರು 7.4 ಮತ್ತು 7 ಲೀಟರುಗಳು. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಮಾರುತಿ 800 ಕಾರಿನ ಇಡೀ ಎಂಜಿನು 796 ಘನ ಸೆಂಟಿಮೀಟರು. ಶೆವೆಲ್‌ನ ಒಂದೇ ಒಂದು ಸಿಲಿಂಡರು 930 ಘನ ಸೆಂಟಿಮೀಟರು! ಇಂಧನವನ್ನು ನೀರಿನಂತೆ ಸುರಿಯಬಲ್ಲ ದೇಶದಲ್ಲಿ ಮಾತ್ರ ಇಂಥ ಯಂತ್ರ ಹುಟ್ಟಬಹುದಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಾಲು ಅಂಗುಲದ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ದಂಡದ ತೋಳು ಉದ್ದವಾದಷ್ಟೂ ತಿರುಚುಬಲ ಹೆಚ್ಚೆಂಬುದು ಬಾವಿಯ ರಾಟೆಯನ್ನು ತಿರುಗಿಸಿದವರಿಗೆಲ್ಲ ಗೊತ್ತು. ಶೆವೆಲ್‌ನ ಎಂಜಿನು ನಿಮಿಷಕ್ಕೆ 3,600 ಸುತ್ತುಗಳಲ್ಲಿಯೇ 500 ಪೌಂಡು-ಅಡಿಗಳ ತಿರುಚುಬಲವನ್ನು ಕೊಡುತ್ತದೆಂದು ಕಂಪನಿ ಸಾರಿತ್ತು. ಹೆಮಿಯದು 4,000 ಸುತ್ತುಗಳಲ್ಲಿ 490. ಎಂದರೆ ಸಿಗ್ನಲಿನಿಂದ ನೆಗೆಯುವಾಗ ಶೆವೆಲ್ ತುಸು ಬೇಗನೆ ಎಚ್ಚರಗೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸಂಚಾರ ಉದ್ದವಾದರೆ ಅದೇ ವೇಗದಲ್ಲಿ ತಿರುಗುವಾಗ ಪಿಸ್ಟನ್ನು ಹೆಚ್ಚು ದೂರ ಧಾವಿಸಬೇಕು. ನಿಮಿಷಕ್ಕೆ 5,600 ಸುತ್ತುಗಳಲ್ಲಿ ಶೆವೆಲ್‌ನ ಪಿಸ್ಟನ್ನು ಸರಾಸರಿ 3,730 ಅಡಿ ಓಡಿದರೆ, ಹೆಮಿಯದು 3,500 ಅಡಿ ಓಡಿದರೆ ಸಾಕು. ಪ್ರತಿ ಸುತ್ತಿಗೂ ಎರಡು ಬಾರಿ ನಿಂತು ಮತ್ತೆ ಹೊರಡುವ ಈ ಲೋಹದ ತುಂಡಿನ ಮೇಲೆ ಬೀಳುವ ಒತ್ತಡವನ್ನು ವಾಚಕರೇ ಊಹಿಸಬಹುದು.

ಹೆಮಿ ಎಂಬ ಹೆಸರು ಅರ್ಧಗೋಳ ಎಂಬ ಅರ್ಥದ ಪದದಿಂದ ಬಂದಿದೆ. ಸಿಲಿಂಡರಿನ ತಲೆಯಲ್ಲಿ ಇಂಧನ ಉರಿಯುವ ಕೋಷ್ಠ ಅಲ್ಲಿ ಬೋರಲು ಹಾಕಿದ ಬಟ್ಟಲಿನ ಆಕಾರದಲ್ಲಿದೆ. ಇದರಿಂದ ಏನು ಲಾಭ? ಒಂದೇ ಘನಗಾತ್ರವನ್ನು ಒಳಗೊಳ್ಳುವ ಆಕಾರಗಳಲ್ಲೆಲ್ಲ ಗೋಳಕ್ಕೆ ಮೇಲ್ಮೈ ಕನಿಷ್ಠ. ಮೇಲ್ಮೈ ಕಡಮೆಯಾದಷ್ಟೂ ಗೋಡೆಗಳ ಮೂಲಕ ಪೋಲಾಗುವ ಶಾಖವೂ ಕಡಮೆ. ಇದಕ್ಕಿಂತಲೂ ದೊಡ್ಡ ಲಾಭ ಕವಾಟಗಳ ವಿಷಯದಲ್ಲಿದೆ. ಚಪ್ಪಟೆಯಾದ ತಲೆಯಲ್ಲಿ ಎರಡು ಕವಾಟಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಿದರೆ ಅವುಗಳ ಗಾತ್ರಕ್ಕೆ ಸಿಲಿಂಡರಿನ ಅಗಲವೇ ಮಿತಿ. ಬಟ್ಟಲಿನ ಎರಡು ಇಳಿಜಾರುಗಳಲ್ಲಿ ಎದುರುಬದುರಾಗಿ ಇಟ್ಟರೆ ದೊಡ್ಡ ಕವಾಟಗಳಿಗೆ ಎಡೆ ದೊರೆಯುತ್ತದೆ. ಗಾಳಿ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಅಡ್ಡಿಯಿಲ್ಲದೆ ಹೊರಟುಹೋಗುತ್ತದೆ. ಹೆಮಿಯ ಒಳಹರಿವಿನ ಕವಾಟದ ವ್ಯಾಸ 2.25 ಅಂಗುಲ, ಹೊರಹರಿವಿನದು 1.94 ಅಂಗುಲ. ಕಿಡಿ ಹಾರಿಸುವ ಪ್ಲಗ್ಗು ನಡುನೆತ್ತಿಯಲ್ಲಿದ್ದು ಜ್ವಾಲೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. 1964ರ ಡೇಟೋನಾ 500 ಪಂದ್ಯದಲ್ಲಿ ಈ ಎಂಜಿನಿನ ಪ್ಲಿಮತ್ ಕಾರುಗಳು ಮೊದಲ ಮೂರು ಸ್ಥಾನಗಳನ್ನೂ ಗಳಿಸಿ, ರಿಚರ್ಡ್ ಪೆಟಿ ವಿಜೇತನಾದುದು ಈ ಸರಾಗವಾದ ಉಸಿರಾಟದ ಬಲದಿಂದಲೇ. ರಸ್ತೆಯ ಕಾರುಗಳಿಗೆ ಅದು 1966ರಿಂದ ದೊರೆಯತೊಡಗಿತು.

ಆದರೆ ಎದುರುಬದುರಿನ ಕವಾಟಗಳನ್ನು ಒಂದೇ ಕ್ಯಾಮ್ ದಂಡದಿಂದ ಎತ್ತಿ ಇಳಿಸುವುದು ಸುಲಭದ ಕೆಲಸವಲ್ಲ. ಪ್ರತಿ ತಲೆಯ ಮೇಲೆಯೂ ತೂಗುವ ತೋಳುಗಳಿಗೆ ಎರಡೆರಡು ಅಚ್ಚುಗಳು ಬೇಕು. ತಲೆ ಅಗಲವಾಗುತ್ತದೆ, ಭಾರವಾಗುತ್ತದೆ, ಬೆಲೆ ಏರುತ್ತದೆ. ಆನೆಯೆಂದು ಅಮೆರಿಕನ್ನರು ಈ ಎಂಜಿನಿಗೆ ಅಡ್ಡಹೆಸರಿಟ್ಟುದು ಸುಮ್ಮನೆ ಅಲ್ಲ. ಶೆವ್ರೊಲೆಯ ಎಂಜಿನಿಯರುಗಳು ಇನ್ನೊಂದು ದಾರಿ ಹಿಡಿದರು. ಕವಾಟಗಳನ್ನು ಪೂರ್ತಿ ಎದುರುಬದುರು ಮಾಡದೆ, ಒಂದೊಂದನ್ನೂ ಅದಕ್ಕೆ ಒಗ್ಗುವ ಕೋನದಲ್ಲಿ ಎರಡು ದಿಕ್ಕುಗಳಿಗೆ ಓರೆಯಾಗಿಸಿದರು. ಮೇಲಿನ ಮುಚ್ಚಳ ತೆಗೆದು ನೋಡಿದರೆ ಕವಾಟದ ಕಡ್ಡಿಗಳು ಮುಳ್ಳುಹಂದಿಯ ಮುಳ್ಳಿನಂತೆ ಅತ್ತಿತ್ತ ಚಾಚಿಕೊಂಡಿರುತ್ತವೆ. ಆದುದರಿಂದಲೇ ಇದಕ್ಕೆ ಮುಳ್ಳುಹಂದಿ ಎಂಬ ಹೆಸರು ಬಿತ್ತು. ಕವಾಟಗಳು 2.19 ಮತ್ತು 1.88 ಅಂಗುಲ, ಹೆಮಿಗಿಂತ ಕೂದಲೆಳೆಯಷ್ಟು ಚಿಕ್ಕವು. ಅರ್ಧಗೋಳದ ಮುಕ್ಕಾಲು ಪಾಲು ಪ್ರಯೋಜನವನ್ನು ಅರ್ಧ ಖರ್ಚಿನಲ್ಲಿ ಪಡೆದ ಜಾಣತನವಿದು ಎಂದು ನಮಗೆ ಅನಿಸುತ್ತದೆ. ಯಂತ್ರಶಿಲ್ಪದ ದೃಷ್ಟಿಯಿಂದ ಹೆಮಿ ಹೆಚ್ಚು ಭವ್ಯ. ಎಂಜಿನಿಯರಿಂಗಿನ ಲೆಕ್ಕಾಚಾರದಿಂದ ನೋಡಿದರೆ ಶೆವ್ರೊಲೆಯದೇ ಮೇಲು.

ಅಶ್ವಸಾಮರ್ಥ್ಯದ ವಿಷಯದಲ್ಲಿ ಎಚ್ಚರಿಕೆ ಬೇಕು. ಶೆವೆಲ್‌ಗೆ 450, ಕೂಡಾಗೆ 425 ಎಂದು ಕಂಪನಿಗಳು ಪ್ರಕಟಿಸಿದ್ದುವು. ಇವು ಎಂಜಿನನ್ನು ಪರೀಕ್ಷಾಲಯದ ಪೀಠದ ಮೇಲೆ, ಫ್ಯಾನು, ಗಾಳಿಶೋಧಕ, ಸೈಲೆನ್ಸರು ಮೊದಲಾದ ಹೊರೆಗಳನ್ನೆಲ್ಲ ಕಳಚಿ ಅಳೆದ ಒಟ್ಟು ಸಾಮರ್ಥ್ಯಗಳು. 1972ರಿಂದ ಅಮೆರಿಕದ ಕಂಪನಿಗಳು ಹೊರೆಗಳ ಸಮೇತ ಅಳೆದ ನಿವ್ವಳ ಸಾಮರ್ಥ್ಯವನ್ನೇ ಪ್ರಕಟಿಸತೊಡಗಿದುವು. ಆದುದರಿಂದ 1970ರ ಅಂಕಿಯನ್ನು ಇಂದಿನ ಕಾರಿನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವುದು ತೊಗಟೆ ಸಮೇತ ತೂಗಿದ ಕಡಲೆಕಾಯಿಯನ್ನು ಸುಲಿದ ಬೀಜದೊಡನೆ ಹೋಲಿಸಿದಂತೆ. ಅಂದಿನ ಮೋಟಾರು ಪತ್ರಿಕೆಗಳು ನಡೆಸಿದ ಪರೀಕ್ಷೆಗಳಲ್ಲಿ ಎರಡು ಕಾರುಗಳೂ ನಿಂತಲ್ಲಿಂದ ಹೊರಟು ಕಾಲು ಮೈಲಿಯನ್ನು 13ರಿಂದ 14 ಸೆಕೆಂಡುಗಳೊಳಗೆ ಕ್ರಮಿಸಿದುವು. ಚಾಲಕನ ಕೈಚಳಕ, ಅಂದಿನ ಹವೆ, ಟಯರಿನ ಹಿಡಿತ ಇವುಗಳಿಂದ ಆಗುವ ಹೆಚ್ಚುಕಡಮೆಯ ಮುಂದೆ ಇವೆರಡರ ನಡುವಣ ಅಂತರ ಏನೂ ಅಲ್ಲ.

ಹಾಗಾದರೆ ಬೆಲೆಯ ಅಂತರಕ್ಕೆ ವೇಗ ಕಾರಣವಲ್ಲ. ಕಾರ್ಖಾನೆಯ ಲೆಕ್ಕಕ್ಕೆ ಬರೋಣ. 1970ರಲ್ಲಿ ಕೂಡಾದ ಮೂಲಬೆಲೆ ಸುಮಾರು 3,160 ಡಾಲರು. ಹೆಮಿ ಎಂಜಿನು ಬೇಕೆಂದರೆ ಇನ್ನೂ ಸುಮಾರು 870 ಡಾಲರು ಕೊಡಬೇಕಾಗಿತ್ತು, ಎಂದರೆ ಮೂಲಬೆಲೆಯ ಕಾಲು ಭಾಗಕ್ಕಿಂತಲೂ ಹೆಚ್ಚು. ಅದೇ ಕಾರಿಗೆ 440 ಘನ ಅಂಗುಲದ, ರಸ್ತೆಯ ಮೇಲೆ ಹೆಚ್ಚೇನೂ ಹಿಂದುಳಿಯದ ಎಂಜಿನು ಬಹಳ ಕಡಮೆಗೆ ದೊರೆಯುತ್ತಿತ್ತು. ಮೇಲಾಗಿ ಇಂಥ ಕಾರುಗಳನ್ನು ಕೊಳ್ಳುವ ತರುಣರ ಮೇಲೆ ವಿಮಾ ಕಂಪನಿಗಳು ಭಾರಿ ಕಂತುಗಳನ್ನು ಹೇರತೊಡಗಿದ್ದುವು. ಪರಿಣಾಮವಾಗಿ ಆ ವರ್ಷ ತಯಾರಾದ ಹೆಮಿ ಕೂಡಾಗಳು ಗಟ್ಟಿ ಮಾಡಿನವು 652, ಬಟ್ಟೆಯ ಮಾಡಿನವು ಬರಿಯ 14. ಶೆವೆಲ್‌ನಲ್ಲಾದರೋ ಎಸ್‌ಎಸ್ 454 ಎಂಬ ಕಟ್ಟನ್ನು ಆರಿಸಿಕೊಂಡವರು ಎಲ್‌ಎಸ್-6 ಎಂಜಿನಿಗಾಗಿ ಮತ್ತೆ ಸುಮಾರು 260 ಡಾಲರು ಸೇರಿಸಿದರೆ ಸಾಕಾಗಿತ್ತು. ಇಂಥ ಕಾರುಗಳು 4,475 ತಯಾರಾದುವು. ಈ ಮೊತ್ತದಲ್ಲಿ ಎಲ್ ಕಮೀನೋ ಎಂಬ, ಹಿಂದೆ ಸಾಮಾನು ತೊಟ್ಟಿಯುಳ್ಳ ಸೋದರ ಗಾಡಿಯೂ ಸೇರಿದೆ. ಅವುಗಳಲ್ಲಿ ಗಟ್ಟಿ ಮಾಡಿನವೆಷ್ಟು, ಬಟ್ಟೆಯ ಮಾಡಿನವೆಷ್ಟು ಎಂಬ ವಿಂಗಡಣೆ ಕಂಪನಿಯ ದಾಖಲೆಯಲ್ಲಿ ಉಳಿದಿಲ್ಲ.

ಅಪರೂಪದ ವಸ್ತುವಿಗೆ ಬೆಲೆ ಹೆಚ್ಚೆಂಬುದು ಹೊಸ ಮಾತಲ್ಲ. ಆದರೆ ಇಲ್ಲಿಗೇ ನಿಂತರೆ ನಾವು ಅರ್ಧ ಉತ್ತರವನ್ನು ಮಾತ್ರ ಪಡೆದಂತಾಗುತ್ತದೆ. ಕಾರು ಅಪರೂಪದ್ದಾದರೆ ಸಾಲದು. ಅದು ನಿಜವಾಗಿಯೂ ಆ ಅಪರೂಪದ ಗುಂಪಿಗೆ ಸೇರಿದ್ದೆಂದು ಅರ್ಧ ಶತಮಾನದ ಮೇಲೆ ಸಿದ್ಧಪಡಿಸಬೇಕು. ಇಲ್ಲಿ ಎರಡು ಕಂಪನಿಗಳ ಪದ್ಧತಿಗಳು ಬೇರೆ ಬೇರೆ.

ಪ್ರತಿಯೊಂದು ಕಾರಿಗೂ ಕಾರ್ಖಾನೆ ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಆ ಕಾಲದ ಕಾರುಗಳಲ್ಲಿ ಅದನ್ನು ಮುಂಗಾಜಿನ ಹಿಂದೆ ಹೊರಗಿನಿಂದ ಓದುವಂತೆ ತಗಡಿನ ಪಟ್ಟಿಯೊಂದರಲ್ಲಿ ಒತ್ತಿರುತ್ತಾರೆ. 1970ರ ಹೆಮಿ ಕೂಡಾದ ಸಂಖ್ಯೆ ಹೀಗೆ ಪ್ರಾರಂಭವಾಗುತ್ತದೆ: ಬಿ, ಎಸ್, 23, ಆರ್, 0, ಬಿ. ಮೊದಲಿನ ಬಿ ಎಂದರೆ ಬ್ಯಾರಕೂಡಾ. ಎಸ್ ಎಂದರೆ ಕೂಡಾ ದರ್ಜೆ. 23 ಎಂದರೆ ಎರಡು ಬಾಗಿಲಿನ ಗಟ್ಟಿ ಮಾಡು. 0 ಎಂದರೆ 1970. ಕೊನೆಯ ಬಿ ಎಂದರೆ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ. ನಡುವೆ ಐದನೆಯ ಸ್ಥಾನದಲ್ಲಿರುವ ಆರ್ ಎಂಬ ಒಂದಕ್ಷರವೇ ಲಕ್ಷಾಂತರ ಡಾಲರುಗಳ ಅಕ್ಷರ. ಅದರ ಅರ್ಥ 426 ಹೆಮಿ. ಈ ಕಾರು ಹುಟ್ಟುವಾಗ ಇದರ ಒಡಲಲ್ಲಿ ಯಾವ ಎಂಜಿನಿತ್ತೆಂಬುದನ್ನು ಕಾರೇ ಹೇಳುತ್ತದೆ. ಬೇರೆ ಸಾಕ್ಷಿಯನ್ನು ಕರೆಯಬೇಕಾಗಿಲ್ಲ.

ಶೆವೆಲ್‌ನ ಸಂಖ್ಯೆ ಹೀಗೆ ಮಾತನಾಡುವುದಿಲ್ಲ. ಅದು 1, 36, 37, 0 ಎಂದು ಆರಂಭವಾಗುತ್ತದೆ: ಶೆವ್ರೊಲೆ, ಎಂಟು ಸಿಲಿಂಡರಿನ ಮಾಲಿಬು ದರ್ಜೆ, ಎರಡು ಬಾಗಿಲಿನ ಗಟ್ಟಿ ಮಾಡು, 1970. ಎಂಟು ಸಿಲಿಂಡರು ಎಂಬುದಷ್ಟೇ ಇದರಿಂದ ತಿಳಿಯುವುದು. 307 ಘನ ಅಂಗುಲದ ಎಂಜಿನುಳ್ಳ, ಸಂಸಾರಿಗಳು ಸಂತೆಗೆ ಕೊಂಡೊಯ್ಯುತ್ತಿದ್ದ ಸಾಧಾರಣ ಮಾಲಿಬುವಿನದೂ ಇದೇ ಸಂಖ್ಯೆ. ಎಸ್‌ಎಸ್ 454 ಎಂಬುದು ಸ್ವತಂತ್ರ ಮಾದರಿಯಾಗಿರದೆ ಗಿರಾಕಿ ಆರಿಸಿಕೊಳ್ಳಬಹುದಾದ ಒಂದು ಕಟ್ಟಾಗಿದ್ದುದೇ ಇದಕ್ಕೆ ಕಾರಣ. ಆದುದರಿಂದ ಸಾಧಾರಣ ಮಾಲಿಬುವೊಂದನ್ನು ಕೊಂಡು, ದೊಡ್ಡ ಎಂಜಿನನ್ನಿಟ್ಟು, ಪಟ್ಟೆ ಬಳಿದು, ಲಾಂಛನಗಳನ್ನು ಅಂಟಿಸಿ ಎಲ್‌ಎಸ್-6 ಎಂದು ಮಾರುವವನಿಗೆ ಗುರುತಿನ ಸಂಖ್ಯೆ ಅಡ್ಡಿಬರುವುದಿಲ್ಲ. ಇಂಥ ಅನುಕರಣಗಳನ್ನು ಅನುಕರಣವೆಂದು ಹೇಳಿ ಮಾರಿದರೆ ತಪ್ಪೇನೂ ಇಲ್ಲ. ಹೇಳದೆ ಮಾರಿದಾಗ ಕೊಂಡವನ ಗಂಟು ಮುಳುಗುತ್ತದೆ. ಶೆವೆಲ್‌ನ ಬೆಲೆಯಲ್ಲಿ ಈ ಸಂಶಯದ ಸುಂಕವೂ ಅಡಗಿದೆ.

ಹಾಗೆಂದು ಶೆವೆಲ್‌ಗೆ ಜಾತಕವೇ ಇಲ್ಲವೆಂದಲ್ಲ. ಅದು ಬಿಡಿಬಿಡಿಯಾಗಿ ಚದರಿಹೋಗಿದೆ. ಎಂಜಿನಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರು ತಲೆಯ ಅಂಚಿಗೆ, ನುಣ್ಣಗೆ ಸವರಿದ ಒಂದು ಪುಟ್ಟ ಜಗಲಿಯಿದೆ. ಅದರ ಮೇಲೆ ಟಿ 0215 ಸಿಆರ್‌ವಿ ಎಂಬಂಥ ಬರಹ ಒತ್ತಿರುತ್ತದೆ. ಟಿ ಎಂದರೆ ನ್ಯೂಯಾರ್ಕ್ ಸಂಸ್ಥಾನದ ಟೊನವಾಂಡದ ಎಂಜಿನು ಕಾರ್ಖಾನೆ. 0215 ಎಂದರೆ ಫೆಬ್ರವರಿ 15. ಸಿಆರ್‌ವಿ ಎಂದರೆ ಕೈಯಿಂದ ಗೇರು ಬದಲಾಯಿಸುವ ಶೆವೆಲ್‌ಗಾಗಿ ಜೋಡಿಸಿದ ಎಲ್‌ಎಸ್-6. ಇದಲ್ಲದೆ ಕಾರಿನ ಗುರುತಿನ ಸಂಖ್ಯೆಯ ಸಂಕ್ಷೇಪವನ್ನೂ ಎಂಜಿನಿನ ಮೇಲೆ ಒತ್ತಿರುತ್ತಾರೆ. ಮೂರನೆಯದಾಗಿ, ಎರಕದ ಮನೆಯಲ್ಲಿ ಕಬ್ಬಿಣ ಹೊಯ್ಯುವಾಗಲೇ ಎರಕದ ತಾರೀಕು ಉಬ್ಬಕ್ಷರಗಳಲ್ಲಿ ಮೂಡಿರುತ್ತದೆ. ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ ತಿಂಗಳಿಗೊಂದು ಅಕ್ಷರ. ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕಡೆಗೆ. ಈ ಮೂರು ತಾರೀಕುಗಳ ಕ್ರಮ ತಪ್ಪಿದರೆ, ಎಂದರೆ ಕಾರು ಹುಟ್ಟಿದ ಮೇಲೆ ಎರಕವಾದ ಎಂಜಿನು ಅದರಲ್ಲಿದ್ದರೆ, ಹೆಚ್ಚಿನ ವಿಚಾರಣೆಯೇ ಬೇಕಿಲ್ಲ. ಎಲ್ಲವೂ ತಾಳೆಯಾದ ಕಾರನ್ನು ಸಂಗ್ರಾಹಕರು ಸಂಖ್ಯೆಗಳು ಹೊಂದಿದ ಕಾರು ಎಂದು ಕರೆಯುತ್ತಾರೆ.

ಒತ್ತಿದ ಸಂಖ್ಯೆಯನ್ನು ಅರೆದು ಹೊಸದನ್ನು ಒತ್ತಬಾರದೇಕೆ ಎಂದು ಕೇಳಬಹುದು. ಒತ್ತುವವರಿದ್ದಾರೆ. ಇಲ್ಲಿ ಲೋಹವಿಜ್ಞಾನ ನೆರವಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಆ ಜಗಲಿಯನ್ನು ಸಮ ಮಾಡುತ್ತಿದ್ದುದು ಬ್ರೋಚ್ ಎಂಬ, ಸಾಲುಸಾಲಾಗಿ ಹಲ್ಲುಗಳಿರುವ ದೊಡ್ಡ ಉಳಿಯಿಂದ. ಅದು ಹಾದುಹೋದ ಜಾಡಿನಲ್ಲಿ ಒಂದಕ್ಕೊಂದು ಸಮಾನಾಂತರವಾದ ಅತಿ ಸೂಕ್ಷ್ಮ ಗೀರುಗಳು ಉಳಿಯುತ್ತವೆ. ಅಂಕಿಗಳನ್ನು ಒತ್ತುವುದು ಆ ಗೀರುಗಳ ಮೇಲೆ. ಅರೆದರೆ ಅಂಕಿಗಳೊಡನೆ ಗೀರುಗಳೂ ಅಳಿಸಿಹೋಗುತ್ತವೆ. ಅವುಗಳ ಬದಲು ಉಜ್ಜುಗಲ್ಲಿನ ಸುರುಳಿ ಗುರುತು ಕಂಡರೆ ಪರೀಕ್ಷಕನ ಹುಬ್ಬು ಮೇಲೇರುತ್ತದೆ. ಮರದ ಹಲಗೆಯ ಎಳೆಗಳನ್ನು ಬಣ್ಣದಿಂದ ಬರೆಯುವಂತೆ ಈ ಗೀರುಗಳನ್ನೂ ಕೃತಕವಾಗಿ ಎಳೆಯುವ ಪ್ರವೀಣರಿರುವುದರಿಂದ, ಈ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ.

ಪೋಲೀಸ್ ಪ್ರಯೋಗಾಲಯಗಳು ಬಳಸುವ ಇನ್ನೊಂದು ವಿಧಾನ ಹೆಚ್ಚು ಕುತೂಹಲಕರ. ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಲೋಹದಲ್ಲಿ ಕಣ್ಣಿಗೆ ಕಾಣುವ ಗುಳಿಯಷ್ಟೇ ಬೀಳುವುದಿಲ್ಲ. ಗುಳಿಯ ಕೆಳಗೂ ಸ್ವಲ್ಪ ಆಳದವರೆಗೆ ಲೋಹದ ಹರಳುಗಳು ನಲುಗಿ ಸ್ಥಾನಪಲ್ಲಟ ಹೊಂದುತ್ತವೆ. ಗುಳಿಯ ತಳದವರೆಗೆ ಅರೆದು ನುಣುಪು ಮಾಡಿದರೂ ನಲುಗಿದ ಈ ಪದರ ಉಳಿದಿರುವುದುಂಟು. ತಕ್ಕ ಆಮ್ಲದ್ರಾವಣವನ್ನು ಸವರಿದಾಗ ನಲುಗಿದ ಲೋಹವೂ ನಲುಗದ ಲೋಹವೂ ಬೇರೆ ಬೇರೆ ವೇಗದಲ್ಲಿ ಕರಗುವುದರಿಂದ, ಅಳಿಸಿದ ಅಂಕಿ ನೆರಳಿನಂತೆ ಮತ್ತೆ ಮೇಲೆದ್ದು ಬರುತ್ತದೆ. ಉಕ್ಕಿನಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಎಂಜಿನಿನ ಒಡಲು ಬೀಡು ಕಬ್ಬಿಣವಾದುದರಿಂದ ಅಲ್ಲಿ ಅಷ್ಟು ಸುಲಭವಲ್ಲ. ಸಾಕಷ್ಟು ಆಳಕ್ಕೆ ಅರೆದುಬಿಟ್ಟರಂತೂ ಯಾವ ಆಮ್ಲವೂ ಏನನ್ನೂ ಹೇಳದು.

ಹೀಗಾಗಿ ಶೆವೆಲ್‌ನ ವಿಷಯದಲ್ಲಿ ಕಬ್ಬಿಣಕ್ಕಿಂತ ಕಾಗದಕ್ಕೆ ಹೆಚ್ಚು ಗೌರವ. ಕಾರನ್ನು ಜೋಡಿಸುವಾಗ ಕೆಲಸಗಾರರಿಗೆಂದು ಅಚ್ಚು ಹಾಕುತ್ತಿದ್ದ ಸಾಮಾನುಪಟ್ಟಿ, ಖಾತರಿ ಪುಸ್ತಕಕ್ಕೆ ಅಂಟಿಸಿರುತ್ತಿದ್ದ ಎಂಜಿನಿನ ಗುರುತುಳ್ಳ ಪುಟ್ಟ ಲೋಹದ ಬಿಲ್ಲೆ, ಮೊದಲ ಮಾರಾಟದ ರಸೀತಿ, ಇವುಗಳಲ್ಲಿ ಒಂದಾದರೂ ಇದ್ದರೆ ಕಾರಿನ ಬೆಲೆ ಒಮ್ಮೆಗೇ ಏರುತ್ತದೆ. ಕೆನಡಾದಲ್ಲಿ ಮಾರಾಟವಾದ ಕಾರುಗಳ ದಾಖಲೆಗಳನ್ನು ಅಲ್ಲಿಯ ಶಾಖೆ ಕಾಪಾಡಿಕೊಂಡು ಬಂದಿತು. ಅವುಗಳ ಒಡೆಯರು ಈ ಮಟ್ಟಿಗೆ ಭಾಗ್ಯವಂತರು.

ಇವೆರಡರಲ್ಲಿ ಒಂದನ್ನು ಕೊಂಡವನಿಗೆ ಇನ್ನೊಂದು ಚಿಂತೆಯೂ ಕಾದಿದೆ. ಶೆವೆಲ್‌ನಲ್ಲಿ ಪಿಸ್ಟನ್ನು ಗಾಳಿ-ಇಂಧನದ ಮಿಶ್ರಣವನ್ನು 11¼ರಲ್ಲಿ ಒಂದು ಪಾಲಿಗೂ, ಹೆಮಿಯಲ್ಲಿ 10¼ರಲ್ಲಿ ಒಂದು ಪಾಲಿಗೂ ಹಿಂಡುತ್ತದೆ. ಇಷ್ಟು ಹಿಂಡಿದಾಗ ಮಿಶ್ರಣ ಕಿಡಿಗೆ ಕಾಯದೆ ತಾನೇ ಸಿಡಿಯದಿರಲೆಂದು ಅಂದಿನ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಅದು ನರಮಂಡಲಕ್ಕೆ ವಿಷ. ಹೊಗೆಶೋಧಕಗಳನ್ನು ಕೆಡಿಸುವಂಥದೂ ಹೌದು. 1970ರಲ್ಲಿ ಅಮೆರಿಕದಲ್ಲಿ ವಾಯುಶುದ್ಧಿಯ ಕಾನೂನು ಬಲಗೊಂಡಿತು. ಮರುವರ್ಷವೇ ಜನರಲ್ ಮೋಟರ್ಸ್ ತನ್ನ ಎಂಜಿನುಗಳ ಹಿಂಡುವಿಕೆಯನ್ನು ತಗ್ಗಿಸಿತು. 1971ರೊಡನೆ ಹೆಮಿಯ ತಯಾರಿಕೆಯೂ ನಿಂತಿತು. ಇಂದಿನ ಸೀಸರಹಿತ ಪೆಟ್ರೋಲಿನಲ್ಲಿ ಈ ಕಾರುಗಳನ್ನು ಓಡಿಸಬೇಕಾದರೆ ಕವಾಟದ ಪೀಠಗಳಿಗೆ ಗಡಸು ಉಕ್ಕಿನ ಉಂಗುರ ಕೂಡಿಸಬೇಕು, ಕೆಲವೊಮ್ಮೆ ಪಿಸ್ಟನ್ನುಗಳನ್ನೇ ಬದಲಿಸಬೇಕು. ಹೀಗೆ ಮಾಡಿದ ಕಾರು ಓಡುತ್ತದೆ, ಆದರೆ ಹುಟ್ಟಿದಂತೆ ಉಳಿಯುವುದಿಲ್ಲ. ಕೆಲವರು ಮೂಲ ಎಂಜಿನನ್ನು ಹೊರತೆಗೆದು ಜೋಪಾನವಾಗಿ ಬೇರೆಡೆ ಇಟ್ಟು, ಓಡಿಸಲು ಇನ್ನೊಂದನ್ನು ಕೂಡಿಸಿಕೊಳ್ಳುವುದೂ ಉಂಟು.

ನಮ್ಮನ್ನು ಕೇಳಿದರೆ, ಹೂಡಿದ ಹಣದ ಭದ್ರತೆಯೇ ಮುಖ್ಯವೆನ್ನುವವನಿಗೆ ಐದನೆಯ ಸ್ಥಾನದಲ್ಲಿ ಆರ್ ಇರುವ ಕೂಡಾ ತಕ್ಕುದು; ಅದಕ್ಕೆ ಬೇಕಾದ ಸಂಪತ್ತು ಇದ್ದರೆ. ಎರಡು ಕಾರುಗಳ ಯಂತ್ರವನ್ನು ತೂಗಿ ನೋಡಿ, ಕೊಟ್ಟ ಹಣಕ್ಕೆ ಹೆಚ್ಚು ಎಂಜಿನಿಯರಿಂಗನ್ನು ಬಯಸುವವನಿಗೆ ಕಾಗದಪತ್ರ ಸರಿಯಿರುವ ಶೆವೆಲ್ ಮೇಲು. ಆದರೆ ಆ ಕಾಗದವನ್ನು ಹುಡುಕುವ ಶ್ರಮಕ್ಕೆ ಅವನು ಸಿದ್ಧನಿರಬೇಕು. ಕಾರ್ಖಾನೆಯ ಕೆಲಸಗಾರರು ಕೆಲಸ ಮುಗಿದ ಸಾಮಾನುಪಟ್ಟಿಯನ್ನು ಸೀಟಿನ ಸ್ಪ್ರಿಂಗುಗಳ ನಡುವೆ ತುರುಕುತ್ತಿದ್ದರು, ಇಲ್ಲವೆ ಪೆಟ್ರೋಲ್ ತೊಟ್ಟಿಯ ಮೇಲೆ ಬಿಟ್ಟುಬಿಡುತ್ತಿದ್ದರು. ಐವತ್ತು ವರ್ಷಗಳ ತರುವಾಯ ತೊಟ್ಟಿಯನ್ನು ಕೆಳಗಿಳಿಸಿದಾಗ ತುಕ್ಕು ಹಿಡಿದ, ಇಲಿಗಳು ಅರ್ಧ ಕಡಿದ ಆ ಹಾಳೆ ಇನ್ನೂ ಅಲ್ಲಿಯೇ ಇರುವುದುಂಟು. ಉಳಿದ ಅರ್ಧದಲ್ಲಿ ಎಂಜಿನಿನ ಗುರುತು ಓದಲು ಸಿಕ್ಕರೆ, ಆ ಹಾಳೆಗೆ ಗಾಜು ಹಾಕಿಸಿ ಕಾರಿನೊಡನೆಯೇ ಮಾರುತ್ತಾರೆ.